ಪೋರ್ಟ್ ಆರ್ಥರ್ ನಂತರ: ಆಸ್ಟ್ರೇಲಿಯಾದ ಬಂದೂಕು ಕಾನೂನು ಏನನ್ನು ತಡೆಯಿತು, ಏನನ್ನು ತಡೆಯಲಿಲ್ಲ

ನಮ್ಮದು ಮಲೆನಾಡಿನ ಮನೆ. ಅಪ್ಪಯ್ಯನ ಹೆಸರಿನಲ್ಲಿ ಒಂದು ಜೋಡಿ ನಳಿಗೆಯ ಕೋವಿ ಇದೆ. ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಕೊಟ್ಟದ್ದು. ಅದನ್ನು ಹಾರಿಸುವುದಕ್ಕಿಂತ ಒರೆಸಿ ಎಣ್ಣೆ ಹಚ್ಚುವುದೇ ಜಾಸ್ತಿ. ಎರಡು ಈಡು ಆದ ಮೇಲೆ ಕೋವಿಯನ್ನು ಮುರಿದ ಹಾಗೆ ಮಡಚಬೇಕು. ಬಿಸಿಯಾದ ಖಾಲಿ ತೋಟಾಗಳನ್ನು ಬೆರಳಿನಿಂದ ಎಳೆದು ತೆಗೆಯಬೇಕು. ಜೇಬಿನಿಂದ ಇನ್ನೆರಡು ತೆಗೆದು ತುಂಬಬೇಕು. ಮತ್ತೆ ಕಟಕ್ ಅಂತ ಮುಚ್ಚಬೇಕು. ಕೈ ಪಳಗಿದವರಿಗೂ ಇದಕ್ಕೆ ಕೆಲವು ಸೆಕೆಂಡು ಬೇಕೇ ಬೇಕು. ಅಷ್ಟರಲ್ಲಿ ಕಾಡುಹಂದಿ ಬೇಲಿ ದಾಟಿ ಹೋಗಿರುತ್ತದೆ.

ಈ ಕೆಲವು ಸೆಕೆಂಡುಗಳನ್ನು ಮನಸ್ಸಲ್ಲಿ ಇಟ್ಟುಕೊಳ್ಳಿ. ನಾನು ಹೇಳಲು ಹೊರಟ ಪ್ರಕರಣದ ತಿರುಳು ಅಲ್ಲೇ ಇದೆ.

ಬಂದೂಕು ಕಾನೂನು ಬಿಗಿ ಮಾಡಿದರೆ ಅಪರಾಧ ಕಡಿಮೆ ಆಗುತ್ತಾ? ಈ ಪ್ರಶ್ನೆ ಬಂದಾಗಲೆಲ್ಲ ಯಾರಾದರೂ ಒಬ್ಬರು ಆಸ್ಟ್ರೇಲಿಯಾದ ಹೆಸರು ಎತ್ತುತ್ತಾರೆ. ಒಂದು ಕಡೆಯವರು ಅಲ್ಲಿ ಕೊಲೆಗಳೇ ನಿಂತುಹೋದವು ಅನ್ನುತ್ತಾರೆ. ಇನ್ನೊಂದು ಕಡೆಯವರು ಅದರಿಂದ ಏನೂ ಆಗಲಿಲ್ಲ, ಸುಮ್ನೆ ದುಡ್ಡು ಹಾಳು ಅನ್ನುತ್ತಾರೆ. ಎರಡೂ ಸರಿಯಲ್ಲ. ಹಾಗಾಗಿ ಆ ಒಂದು ದೇಶದ ಕತೆಯನ್ನು ಮೊದಲಿನಿಂದ ನೋಡೋಣ.

ಒಂದು ಭಾನುವಾರ

1996ರ ಏಪ್ರಿಲ್ 28. ಟಾಸ್ಮೇನಿಯಾ ದ್ವೀಪದ ಪೋರ್ಟ್ ಆರ್ಥರ್. ಬ್ರಿಟಿಷರು ಕೈದಿಗಳನ್ನು ತಂದು ಇಡುತ್ತಿದ್ದ ಹಳೆಯ ಜಾಗ ಅದು. ಈಗ ಪ್ರವಾಸಿ ತಾಣ. ಮಧ್ಯಾಹ್ನ ಊಟದ ಹೊತ್ತು. ಬ್ರಾಡ್ ಆ್ಯರೋ ಅನ್ನುವ ಕೆಫೆಯಲ್ಲಿ ಜನ ತುಂಬಿದ್ದರು. ಒಬ್ಬ ಯುವಕ ಊಟ ಮುಗಿಸಿ, ಚೀಲದಿಂದ ಅರೆಸ್ವಯಂಚಾಲಿತ ರೈಫಲ್ ತೆಗೆದ. ಸುಮಾರು ಒಂದೂವರೆ ನಿಮಿಷದಲ್ಲಿ ಆ ಕೆಫೆ ಮತ್ತು ಪಕ್ಕದ ಅಂಗಡಿಯಲ್ಲಿ 20 ಜನ ಸತ್ತರು. ಅಲ್ಲಿಂದ ಹೊರಬಂದು ಬಸ್ಸುಗಳ ಹತ್ತಿರ, ರಸ್ತೆಯಲ್ಲಿ, ಕಾರುಗಳ ಬಳಿ ಕೊಲ್ಲುತ್ತಲೇ ಹೋದ. ಸತ್ತವರು ಒಟ್ಟು 35 ಜನ. ಅವರಲ್ಲಿ 6 ಮತ್ತು 3 ವರ್ಷದ ಅಕ್ಕತಂಗಿಯರೂ ಇದ್ದರು. ಅವರ ಅಮ್ಮನೂ ಅಲ್ಲೇ ಸತ್ತಳು.

ಒಂದೂವರೆ ನಿಮಿಷ. ನಮ್ಮ ಮನೆಯ ಕೋವಿ ಹಿಡಿದ ಒಬ್ಬ ಹುಚ್ಚ ಅದೇ ಕೆಫೆಗೆ ನುಗ್ಗಿದ್ದರೂ ಅನಾಹುತ ಆಗುತ್ತಿತ್ತು, ಅನುಮಾನ ಬೇಡ. ಆದರೆ ಎರಡು ಈಡಿನ ನಂತರ ಅವನು ಕೋವಿ ಮಡಚಲೇಬೇಕಿತ್ತು. ಆ ಹೊತ್ತಿನಲ್ಲಿ ಕೆಲವರು ಓಡುತ್ತಿದ್ದರು. ಯಾರೋ ಒಬ್ಬರು ಕುರ್ಚಿ ಎತ್ತಿ ಬೀಸುತ್ತಿದ್ದರು. ಅರೆಸ್ವಯಂಚಾಲಿತ ರೈಫಲ್‌ನಲ್ಲಿ ಆ ಬಿಡುವೇ ಇಲ್ಲ. ಕುದುರೆ, ಅಂದರೆ ಟ್ರಿಗರ್, ಒತ್ತಿದಷ್ಟೂ ಸಲ ಗುಂಡು. ಮುಂದಿನ ಗುಂಡು ತಾನಾಗಿಯೇ ಬಂದು ಕೂರುತ್ತದೆ.

ಪೋರ್ಟ್ ಆರ್ಥರ್‌ನ ಆ ಯುವಕನ ಹತ್ತಿರ ಬಂದೂಕಿನ ಲೈಸೆನ್ಸ್ ಇರಲಿಲ್ಲ. ಆದರೂ ಅಂಥ ಬಂದೂಕುಗಳು ಕೈಗೆ ಸಿಕ್ಕಿದ್ದವು. ಟಾಸ್ಮೇನಿಯಾದಲ್ಲಿ ಆಗ ಇಂಥ ರೈಫಲ್ ಇಟ್ಟುಕೊಳ್ಳುವುದೇ ಕಾನೂನುಬದ್ಧ. ಯಾರ ಹತ್ತಿರ ಎಷ್ಟು ಉದ್ದ ಬಂದೂಕು ಇದೆ ಅನ್ನುವ ನೋಂದಣಿಯೂ ಅಲ್ಲಿ ಇರಲಿಲ್ಲ.

ಇದು ಮೊದಲೇ ಯಾರಿಗೂ ಹೊಳೆಯದ ವಿಷಯ ಅಂದುಕೊಳ್ಳಬೇಡಿ. 1987ರಲ್ಲಿ ಮೆಲ್ಬರ್ನ್ ನಗರ ಒಂದರಲ್ಲೇ ಎರಡು ಸಾಮೂಹಿಕ ಹತ್ಯೆ ಆಗಿದ್ದವು. ಆಗಸ್ಟ್‌ನಲ್ಲಿ ಹಾಡಲ್ ಸ್ಟ್ರೀಟ್‌ನಲ್ಲಿ 7 ಜನ, ಡಿಸೆಂಬರ್‌ನಲ್ಲಿ ಕ್ವೀನ್ ಸ್ಟ್ರೀಟ್‌ನಲ್ಲಿ 8 ಜನ. ಆ ವರ್ಷದ ಕೊನೆಗೆ ಮುಖ್ಯಮಂತ್ರಿಗಳು ಸೇರಿ ಮಾತಾಡಿದರು, ಒಮ್ಮತ ಬರಲಿಲ್ಲ. ನ್ಯೂ ಸೌತ್ ವೇಲ್ಸ್‌ನ ಮುಖ್ಯಮಂತ್ರಿ ಬ್ಯಾರಿ ಅನ್ಸ್‌ವರ್ತ್ ಬೇಸತ್ತು, ಟಾಸ್ಮೇನಿಯಾದಲ್ಲೇ ಒಂದು ಮಾರಣಹೋಮ ಆಗುವವರೆಗೆ ಈ ದೇಶದಲ್ಲಿ ಬಂದೂಕು ಸುಧಾರಣೆ ಆಗುವುದಿಲ್ಲ ಅಂದುಬಿಟ್ಟರು. ಒಂಬತ್ತು ವರ್ಷ ಆಗುವುದರೊಳಗೆ ಆ ಮಾತು ಅಕ್ಷರಶಃ ನಿಜವಾಯಿತು. ಓದುವಾಗ ಮೈ ಜುಂ ಅನ್ನುತ್ತದೆ.

ಹನ್ನೆರಡು ದಿನ

ಜಾನ್ ಹೋವರ್ಡ್ ಪ್ರಧಾನಿಯಾಗಿ ಆಗ ಎರಡು ತಿಂಗಳೂ ಆಗಿರಲಿಲ್ಲ. ಬಲಪಂಥದ ಪಕ್ಷದವರು. ಜೊತೆಗಿದ್ದ ನ್ಯಾಷನಲ್ ಪಾರ್ಟಿ ರೈತರ, ಹಳ್ಳಿಗಾಡಿನ ಪಕ್ಷ. ಬಂದೂಕು ಇಟ್ಟುಕೊಂಡವರೆಲ್ಲ ಅವರದೇ ಮತದಾರರು. ಮೇಲಾಗಿ ಆಸ್ಟ್ರೇಲಿಯಾದ ಸಂವಿಧಾನದಲ್ಲಿ ಬಂದೂಕು ರಾಜ್ಯಗಳ ವಿಷಯ, ಕೇಂದ್ರದ್ದಲ್ಲ. ರಾಜ್ಯಗಳು ಒಪ್ಪದಿದ್ದರೆ ಜನಮತಗಣನೆಗೆ ಹೋಗುತ್ತೇನೆ ಅಂತ ಹೋವರ್ಡ್ ಪಟ್ಟು ಹಿಡಿದರು. ಹತ್ಯೆ ಆದ 12ನೇ ದಿನ, ಮೇ 10ರಂದು, ಎಲ್ಲ ರಾಜ್ಯಗಳ ಪೊಲೀಸ್ ಸಚಿವರು ಕೂತು ಒಪ್ಪಂದಕ್ಕೆ ಬಂದರು. ಅದೇ ರಾಷ್ಟ್ರೀಯ ಬಂದೂಕು ಒಪ್ಪಂದ.

ಒಪ್ಪಂದ ಏನು ಹೇಳಿತು? ಅರೆಸ್ವಯಂಚಾಲಿತ ರೈಫಲ್, ಅರೆಸ್ವಯಂಚಾಲಿತ ಮತ್ತು ಪಂಪ್ (ನಳಿಗೆಯ ಕೆಳಗಿನ ಹಿಡಿಯನ್ನು ಹಿಂದೆ ಮುಂದೆ ಎಳೆದು ಮುಂದಿನ ಈಡು ತುಂಬುವ) ಶಾಟ್‌ಗನ್ ಸಾಮಾನ್ಯ ಜನರಿಗೆ ಬೇಡ. ಬಂದೂಕು ಬೇಕಾದವರು ಸರಿಯಾದ ಕಾರಣ ತೋರಿಸಬೇಕು. ಕೃಷಿ, ಬೇಟೆ, ಗುರಿ ಕ್ರೀಡೆ, ಹೀಗೆ. ನನ್ನ ರಕ್ಷಣೆಗೆ ಬೇಕು ಅಂದರೆ ಅದು ಕಾರಣವೇ ಅಲ್ಲ. ಕೊಳ್ಳುವ ಮುಂಚೆ 28 ದಿನ ಕಾಯಬೇಕು. ಪ್ರತಿ ಬಂದೂಕೂ ನೋಂದಣಿ ಆಗಬೇಕು. ಮನೆಯಲ್ಲಿ ಬೀಗ ಹಾಕಿ ಇಡಬೇಕು. ಅಪ್ಪಯ್ಯನ ಜೋಡಿ ನಳಿಗೆ ಅಲ್ಲಿದ್ದಿದ್ದರೆ ಅದು ಅತಿ ಸುಲಭವಾಗಿ ಸಿಗುವ ಮೊದಲ ವರ್ಗಕ್ಕೆ ಸೇರುತ್ತಿತ್ತು. ರೈತನ ಕೈಯಿಂದ ಕೋವಿ ಕಸಿದುಕೊಂಡ ಕಾನೂನು ಇದಲ್ಲ. ಇದು ಮುಖ್ಯವಾಗಿ ಕೈ ಹಾಕಿದ್ದು ವೇಗದ ಮೇಲೆ.

ಇದ್ದವನ್ನು ವಾಪಸ್ ಪಡೆಯಲು ದುಡ್ಡು ಬೇಕಲ್ವಾ? ಮೆಡಿಕೇರ್ ಅನ್ನುವ ಆರೋಗ್ಯ ತೆರಿಗೆಯನ್ನು ಒಂದು ವರ್ಷದ ಮಟ್ಟಿಗೆ ಶೇ 1.5ರಿಂದ 1.7ಕ್ಕೆ ಏರಿಸಿದರು. 1996ರ ಅಕ್ಟೋಬರ್‌ನಿಂದ ಒಂದು ವರ್ಷ ಜನ ಬಂದೂಕು ತಂದು ಒಪ್ಪಿಸಿ, ಬೆಲೆಪಟ್ಟಿಯ ಪ್ರಕಾರ ದುಡ್ಡು ಪಡೆದರು. 6 ಲಕ್ಷ 40 ಸಾವಿರಕ್ಕೂ ಹೆಚ್ಚು ಬಂದೂಕು ಬಂದವು. ಎಲ್ಲವನ್ನೂ ಜಜ್ಜಿ, ಕತ್ತರಿಸಿ ಹಾಕಿದರು. ಅಜ್ಜನ ಕಾಲದ ಬಂದೂಕನ್ನು ಕೊಟ್ಟವರೂ ಅವರಲ್ಲಿ ಇದ್ದರು. ಚುನಾವಣೆ ಬಂದಾಗ ಅಪ್ಪಯ್ಯ ಕೋವಿಯನ್ನು ಗೋಣಿಚೀಲದಲ್ಲಿ ಸುತ್ತಿ ಠಾಣೆಗೆ ಒಪ್ಪಿಸಿ, ರಸೀದಿ ಹಿಡಿದು ಬರುತ್ತಾರೆ. ತಿಂಗಳೆರಡು ತಿಂಗಳಲ್ಲಿ ವಾಪಸ್ ಸಿಗುತ್ತದೆ ಅಂತ ಗೊತ್ತಿದ್ದರೂ ಆ ದಿನ ಅವರ ಮುಖ ಸಪ್ಪಗಿರುತ್ತದೆ. ಹಾಗಿರುವಾಗ ಮತ್ತೆ ಸಿಗುವುದೇ ಇಲ್ಲ ಅಂತ ಗೊತ್ತಿದ್ದು ಕೊಟ್ಟವರ ಬೇಸರವನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ.

ಆ ಬೇಸರಕ್ಕೆ ರಾಜಕೀಯ ಬೆಲೆಯೂ ಇತ್ತು. ಜೂನ್‌ನಲ್ಲಿ ವಿಕ್ಟೋರಿಯಾದ ಸೇಲ್ ಎಂಬ ಊರಿನಲ್ಲಿ ಬಂದೂಕು ಮಾಲೀಕರ ಸಭೆಗೆ ಹೋದಾಗ ಹೋವರ್ಡ್ ಕೋಟಿನ ಒಳಗೆ ಗುಂಡುನಿರೋಧಕ ಕವಚ ಹಾಕಿದ್ದರು. ಅದು ಹೊರಗಿನಿಂದ ಉಬ್ಬಿ ಕಾಣುತ್ತಿತ್ತು. ತಮ್ಮದೇ ಜನರ ಮುಂದೆ ಹಾಗೆ ನಿಂತದ್ದು ತಪ್ಪಾಯಿತು ಅಂತ ಅವರೇ ಆಮೇಲೆ ಹೇಳಿಕೊಂಡರು. ಉಪಪ್ರಧಾನಿ ಟಿಮ್ ಫಿಷರ್ ನ್ಯಾಷನಲ್ ಪಾರ್ಟಿಯ ನಾಯಕ. ಊರೂರಿಗೆ ಹೋಗಿ ತಮ್ಮದೇ ರೈತರಿಂದ ಬೈಸಿಕೊಂಡರು. ಕ್ವೀನ್ಸ್‌ಲ್ಯಾಂಡ್‌ನ ಮುಖ್ಯಮಂತ್ರಿ ರಾಬ್ ಬೋರ್ಬಿಜ್ ಕೂಡ ಅದೇ ಪಕ್ಷದವರು, ಒಪ್ಪಂದಕ್ಕೆ ಬೆಂಬಲ ಕೊಟ್ಟವರು. 1998ರ ಚುನಾವಣೆಯಲ್ಲಿ ಅಲ್ಲಿ ಒನ್ ನೇಷನ್ ಅನ್ನುವ ಹೊಸ ಪಕ್ಷ 11 ಸೀಟು ಗೆದ್ದಿತು, ಬೋರ್ಬಿಜ್ ಅಧಿಕಾರ ಕಳೆದುಕೊಂಡರು. ಬಂದೂಕು ಕಾನೂನಿನ ಸಿಟ್ಟು ಅದಕ್ಕೆ ಒಂದು ಕಾರಣ. ಮತ ಹೋಗುತ್ತದೆ ಅಂತ ಗೊತ್ತಿದ್ದೂ ನಿಂತವರು ಇವರು. ಫಿಷರ್ ಮತ್ತು ಬೋರ್ಬಿಜ್ ಹೆಸರು ಯಾರೂ ಹೇಳುವುದಿಲ್ಲ. ನನಗೆ ಹೋವರ್ಡ್‌ಗಿಂತ ಅವರ ಮೇಲೆಯೇ ಗೌರವ ಜಾಸ್ತಿ.

ಲೆಕ್ಕ ಏನು ಹೇಳುತ್ತದೆ

ಈಗ ಅಸಲು ಪ್ರಶ್ನೆ. ಕಾನೂನಿನಿಂದ ಏನು ಬದಲಾಯಿತು?

ಮೊದಲು ಸಾಮೂಹಿಕ ಹತ್ಯೆ. ಕೊಲೆಗಾರನನ್ನು ಬಿಟ್ಟು 5 ಅಥವಾ ಹೆಚ್ಚು ಜನ ಸತ್ತ ಘಟನೆ ಅಂತ ಲೆಕ್ಕ ಹಿಡಿದರೆ, 1979ರಿಂದ 1996ರ ಏಪ್ರಿಲ್‌ವರೆಗೆ ಆಸ್ಟ್ರೇಲಿಯಾದಲ್ಲಿ 13 ಆಗಿದ್ದವು. ನಂತರದ 22 ವರ್ಷ ಒಂದೂ ಇಲ್ಲ. 2018ರ ಮೇನಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಆಸ್ಮಿಂಗ್‌ಟನ್ ಎಂಬಲ್ಲಿ ಒಂದೇ ಕುಟುಂಬದ 7 ಜನ ಸತ್ತರು, ಕೊಂದವನೂ ಸೇರಿ. ಸಿಡ್ನಿ ವಿಶ್ವವಿದ್ಯಾಲಯದ ಸೈಮನ್ ಚಾಪ್‌ಮನ್ ಮತ್ತು ಜೊತೆಗಾರರು, ಈ 22 ವರ್ಷದ ಬಿಡುವು ಬರೀ ಅದೃಷ್ಟದಿಂದ ಬರುವ ಸಾಧ್ಯತೆ 2 ಲಕ್ಷದಲ್ಲಿ ಒಂದು ಅಂತ ಲೆಕ್ಕ ಹಾಕಿ 2018ರಲ್ಲಿ ಪ್ರಕಟಿಸಿದರು.

ಎದುರು ಪಕ್ಷದ ವಾದವೂ ಗಟ್ಟಿಯಾದದ್ದೇ. ಪಕ್ಕದ ನ್ಯೂಜಿಲೆಂಡ್ ಇಷ್ಟು ಬಿಗಿ ಕಾನೂನು ಮಾಡಿರಲಿಲ್ಲ. ಅಲ್ಲಿ ಅರೆಸ್ವಯಂಚಾಲಿತ ಬಂದೂಕು ಲೈಸೆನ್ಸ್ ಇದ್ದವರಿಗೆ ಸಿಗುತ್ತಿತ್ತು. ಆದರೂ 1997ರ ನಂತರ ಅಲ್ಲೂ ಇಂಥ ಹತ್ಯೆಗಳು ನಿಂತಿದ್ದವು. ಹಾಗಾದರೆ ಕಾನೂನಿಗೆ ಹೇಗೆ ಶ್ರೇಯಸ್ಸು ಕೊಡುತ್ತೀರಿ ಅಂತ ಜನೀನ್ ಬೇಕರ್ ಮತ್ತು ಸಮಾರಾ ಮೆಕ್‌ಫೆಡ್ರಾನ್ ಎಂಬ ಸಂಶೋಧಕರು ಕೇಳಿದರು. ಇಬ್ಬರೂ ಬಂದೂಕು ಮಾಲೀಕರ ಸಂಘಟನೆಗಳ ಜೊತೆ ನಂಟು ಇದ್ದವರು. ಆದರೆ ಅದರಿಂದ ಪ್ರಶ್ನೆಯ ತೂಕ ಕಡಿಮೆ ಆಗುವುದಿಲ್ಲ. ಎಷ್ಟೋ ವರ್ಷ ಇದಕ್ಕೆ ಬಾಯಿ ಮುಚ್ಚಿಸುವಂಥ ಉತ್ತರ ಯಾರ ಬಳಿಯೂ ಇರಲಿಲ್ಲ.

2019ರ ಮಾರ್ಚ್ 15ರಂದು ಕ್ರೈಸ್ಟ್‌ಚರ್ಚ್‌ನ ಎರಡು ಮಸೀದಿಗಳಲ್ಲಿ 51 ಜನ ಸತ್ತರು. ಕೊಂದವನು ಆಸ್ಟ್ರೇಲಿಯಾದವನು. ಅವನು ನ್ಯೂಜಿಲೆಂಡ್‌ನಲ್ಲಿ ಲೈಸೆನ್ಸ್ ಪಡೆದು, ಅಲ್ಲೇ ಬಂದೂಕು ಕೊಂಡಿದ್ದ. ಅವನ ದೇಶದಲ್ಲಿ ಆ ಬಂದೂಕುಗಳು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಒಂದು ತಿಂಗಳೊಳಗೆ ನ್ಯೂಜಿಲೆಂಡ್ ಸಂಸತ್ತು ಪರವಾಗಿ 119, ವಿರುದ್ಧ 1 ಮತದಿಂದ ಅವನ್ನು ನಿಷೇಧಿಸಿತು. ಒಂದು ಘಟನೆಯಿಂದ ಲೆಕ್ಕಶಾಸ್ತ್ರ ಬದಲಾಗುವುದಿಲ್ಲ ಅನ್ನುವುದು ನಿಜ. ಆದರೆ ಆ ಹೋಲಿಕೆ ಮೊದಲಿನ ಹಾಗೆ ಉಳಿಯಲಿಲ್ಲ.

ಈಗ ಮಾಮೂಲಿ ಕೊಲೆಗಳು. ಅಂದರೆ ಜಗಳ, ಹಣ, ಗಂಡಹೆಂಡಿರ ಕಲಹ, ಗ್ಯಾಂಗುಗಳ ದ್ವೇಷ. ಕಾನೂನಿನ ಪರ ಇರುವವರು ಬೇಗ ಬೇಗ ದಾಟಿ ಹೋಗುವ ಜಾಗ ಇದು. ಆಸ್ಟ್ರೇಲಿಯಾದಲ್ಲಿ ಬಂದೂಕಿನಿಂದ ಆಗುವ ಸಾವು 1996ಕ್ಕೂ ಮುಂಚೆಯೇ ಇಳಿಯುತ್ತಿತ್ತು, ವರ್ಷಕ್ಕೆ ಸುಮಾರು ಶೇ 3ರಷ್ಟು. ಕಾನೂನಿನ ನಂತರ ಇಳಿಕೆ ಸುಮಾರು ಶೇ 5ಕ್ಕೆ ಏರಿತು. 1979ರಿಂದ 1996ರವರೆಗೆ ಲಕ್ಷ ಜನರಲ್ಲಿ ವರ್ಷಕ್ಕೆ ಸರಾಸರಿ 3.6 ಜನ ಬಂದೂಕಿನಿಂದ ಸಾಯುತ್ತಿದ್ದರು. 1997ರಿಂದ 2013ರವರೆಗಿನ ಸರಾಸರಿ 1.2. ಆದರೆ ಕೊಲೆಯನ್ನು ಮಾತ್ರ ಬೇರೆ ಮಾಡಿ ನೋಡಿದರೆ, ಇಳಿಕೆಯ ವೇಗ ಹೆಚ್ಚಾಯಿತು ಅಂತ ಖಚಿತವಾಗಿ ಹೇಳಲು ಅಂಕಿಅಂಶ ಸಾಲಲಿಲ್ಲ. ಇದನ್ನು ಚಾಪ್‌ಮನ್ ತಂಡವೇ 2016ರಲ್ಲಿ ಬರೆದುಕೊಂಡಿದೆ. ಬಂದೂಕು ಇಲ್ಲದ ಕೊಲೆ, ಆತ್ಮಹತ್ಯೆಗಳೂ ಅದೇ ಅವಧಿಯಲ್ಲಿ ಕಡಿಮೆ ಆದವು. ಆದ್ದರಿಂದ ಇಳಿದದ್ದೆಲ್ಲ ಕಾನೂನಿನಿಂದಲೇ ಅನ್ನುವಂತಿಲ್ಲ ಅಂತಲೂ ಅವರೇ ಹೇಳಿದರು.

ನನಗೆ ಇದು ಆಶ್ಚರ್ಯ ಅನ್ನಿಸುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಬಂದೂಕಿನಿಂದ ಕೊಲೆ ಮೊದಲೇ ಕಡಿಮೆ, ವರ್ಷಕ್ಕೆ ನೂರರ ಆಸುಪಾಸು. ಕಡಿಮೆ ಸಂಖ್ಯೆಯಲ್ಲಿ ಬದಲಾವಣೆ ಹಿಡಿಯುವುದು ಕಷ್ಟ. ಜೊತೆಗೆ ಒಬ್ಬ ಇನ್ನೊಬ್ಬನನ್ನು ಕೊಲ್ಲಲು ಅರೆಸ್ವಯಂಚಾಲಿತ ರೈಫಲ್ ಬೇಕಾಗಿಯೇ ಇಲ್ಲ. ನಿಷೇಧ ಆದದ್ದು ಒಂದು ಬಗೆಯ ಬಂದೂಕು. ಅದು ತಡೆಯಬಹುದಾದದ್ದೂ ಒಂದು ಬಗೆಯ ಹಿಂಸೆ.

ಯಾರೂ ಮಾತಾಡದ ಸಾವು

ಹಿಂಸೆ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಕೊಲೆ. ಆದರೆ 1996ರಲ್ಲಿ, ಪೋರ್ಟ್ ಆರ್ಥರ್ ಆದ ವರ್ಷದಲ್ಲೂ, ಆಸ್ಟ್ರೇಲಿಯಾದಲ್ಲಿ ಬಂದೂಕಿನಿಂದ ಸತ್ತ ಸುಮಾರು 500 ಜನರಲ್ಲಿ ಹೆಚ್ಚಿನವರು ತಮ್ಮನ್ನು ತಾವೇ ಕೊಂದುಕೊಂಡವರು. ಹಳ್ಳಿಗಾಡಿನ ಗಂಡಸರೇ ಜಾಸ್ತಿ. ಬರ, ಸಾಲ, ಒಂಟಿತನ. ನಮಗೆ ಇದು ಬೇರೆ ಭಾಷೆಯಲ್ಲಿ ವಿವರಿಸಬೇಕಾದ ವಿಷಯವಲ್ಲ.

ಕಾನೂನಿನ ಅತಿ ಸ್ಪಷ್ಟ ಪರಿಣಾಮ ಕಂಡದ್ದು ಇಲ್ಲಿ. ಆ್ಯಂಡ್ರೂ ಲೀ ಮತ್ತು ಕ್ರಿಸ್ಟೀನ್ ನೀಲ್ ಎಂಬ ಅರ್ಥಶಾಸ್ತ್ರಜ್ಞರು ರಾಜ್ಯ ರಾಜ್ಯಗಳನ್ನು ಹೋಲಿಸಿದರು. ಎಲ್ಲಿ ಹೆಚ್ಚು ಬಂದೂಕು ವಾಪಸ್ ಬಂದಿದ್ದವೋ ಅಲ್ಲಿ ಬಂದೂಕಿನ ಆತ್ಮಹತ್ಯೆ ಹೆಚ್ಚು ಇಳಿದಿತ್ತು. ಕೊಲೆಯ ವಿಷಯದಲ್ಲಿ ಇಷ್ಟು ಗಟ್ಟಿಯಾಗಿ ಹೇಳಲು ಅವರಿಗೂ ಆಗಲಿಲ್ಲ.

ಸಾಯಬೇಕು ಅಂದುಕೊಂಡವನು ಬೇರೆ ದಾರಿ ಹುಡುಕುವುದಿಲ್ಲವೇ ಅಂತ ಕೇಳುತ್ತಾರೆ. ಹುಡುಕುವವರು ಇದ್ದಾರೆ. ಆದರೆ ಬಹಳ ಜನರಿಗೆ ಆ ಕೆಟ್ಟ ಗಳಿಗೆ ಒಂದು ಗಳಿಗೆಯೇ. ಅದು ದಾಟಿದರೆ ಬದುಕುತ್ತಾರೆ. ಶ್ರೀಲಂಕಾ ಇದಕ್ಕೆ ನಮ್ಮ ಪಕ್ಕದ ಸಾಕ್ಷಿ. ಅಲ್ಲಿ 1995ರಲ್ಲಿ ಅತಿ ವಿಷಕಾರಿ ಕೀಟನಾಶಕಗಳನ್ನು, 1998ರಲ್ಲಿ ಎಂಡೋಸಲ್ಫಾನ್ ಅನ್ನು ನಿಷೇಧಿಸಿದರು. 2005ರ ಹೊತ್ತಿಗೆ ಆತ್ಮಹತ್ಯೆಯ ಪ್ರಮಾಣ ಅರ್ಧಕ್ಕೆ ಬಂದಿತ್ತು. ರೈತರ ಕಷ್ಟವೇನೂ ಮಾಯವಾಗಿರಲಿಲ್ಲ. ಕೈಗೆಟುಕುವ ದೂರದಲ್ಲಿ ಸಾವು ಇರಲಿಲ್ಲ, ಅಷ್ಟೇ. ಬಂದೂಕನ್ನು ಒಂದು ಕಡೆ, ತೋಟಾವನ್ನು ಇನ್ನೊಂದು ಕಡೆ ಬೀಗ ಹಾಕಿ ಇಡಿ ಅನ್ನುವ ನಿಯಮ ಓದಲು ಎಷ್ಟು ನೀರಸ ಅಲ್ವಾ? ಇಡೀ ಒಪ್ಪಂದದಲ್ಲಿ ನನಗೆ ಅತಿ ಹೆಚ್ಚು ಬೆಲೆಯುಳ್ಳದ್ದು ಅನ್ನಿಸಿದ್ದು ಅದೇ.

ನಮ್ಮ ಕಡೆಗೆ ಇದನ್ನು ತರಬಹುದೇ

ನೇರವಾಗಿ ತರಲಾಗದು. ಭಾರತದಲ್ಲಿ ಅರೆಸ್ವಯಂಚಾಲಿತ ರೈಫಲ್ ಅಂಗಡಿಯಲ್ಲಿ ಕೊಳ್ಳುವ ಮಾತೇ ಇಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಮೊದಲೇ ಬಿಗಿ. 2019ರ ತಿದ್ದುಪಡಿ ಒಬ್ಬರಿಗೆ 3 ಬಂದೂಕು ಎಂಬ ಮಿತಿಯನ್ನು 2ಕ್ಕೆ ಇಳಿಸಿತು. ನಮ್ಮಲ್ಲಿ ಗುಂಡಿಕ್ಕಿ ಕೊಲ್ಲುವುದು ಹೆಚ್ಚಾಗಿ ಲೈಸೆನ್ಸ್ ಇಲ್ಲದ ನಾಡಪಿಸ್ತೂಲಿನಿಂದ. ಅದಕ್ಕೆ ಹೊಸ ಲೈಸೆನ್ಸ್ ನಿಯಮ ಮದ್ದಲ್ಲ, ಅದನ್ನು ಮಾಡುವ ಕುಲುಮೆಗಳನ್ನು ಹುಡುಕುವ ಪೊಲೀಸರು ಬೇಕು.

ಕೊಡಗಿನ ಮಾತು ಬಂದೇ ಬರುತ್ತದೆ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಭೂಮಿ) ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಲೈಸೆನ್ಸ್ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಅಲ್ಲಿ ಮಗು ಹುಟ್ಟಿದರೂ ಈಡು, ಸತ್ತರೂ ಈಡು. ಆಯುಧ ಪೂಜಿಸುವ ಕೈಲ್ ಮುಹೂರ್ತ ಹಬ್ಬದಲ್ಲಿ ಕೋವಿಗೆ ತೋಕ್ ಪೂ ಎಂಬ ಹೂವಿನ ಶೃಂಗಾರ. ಬಂದೂಕು ಜಾಸ್ತಿ ಇದ್ದರೆ ಅಪರಾಧ ಜಾಸ್ತಿ ಅನ್ನುವವರಿಗೆ ಕೊಡಗಿನವರು ತಮ್ಮ ಜಿಲ್ಲೆಯನ್ನೇ ತೋರಿಸುತ್ತಾರೆ. ಆ ವಾದದಲ್ಲಿ ಅರ್ಥ ಇದೆ. ಯಾವ ಬಂದೂಕು, ಯಾರ ಕೈಯಲ್ಲಿ, ಯಾರ ಕಣ್ಣೆದುರು ಅನ್ನುವುದು ಬರೀ ಎಣಿಕೆಗಿಂತ ಮುಖ್ಯ. ಆಸ್ಟ್ರೇಲಿಯಾದ ಲೆಕ್ಕವೂ ಅದನ್ನೇ ತೋರಿಸುತ್ತದೆ. ಅಲ್ಲಿ ಈಗ ನೋಂದಣಿ ಆದ ಬಂದೂಕು 40 ಲಕ್ಷ ದಾಟಿವೆ, 1996ಕ್ಕಿಂತ ಹೆಚ್ಚು. ಆದರೂ ಬಂದೂಕಿನ ಸಾವು ಲಕ್ಷಕ್ಕೆ ಒಂದರ ಆಸುಪಾಸಿನಲ್ಲೇ ಇತ್ತು.

ಇನ್ನೊಂದು ಭಾನುವಾರ

ಕಾನೂನು ಬರೆದು ಮುಗಿಸಿದ ಮೇಲೆ ಅದನ್ನು ನೋಡಿಕೊಳ್ಳುವವರು ಬೇಕು. ಬಂದೂಕು ತಯಾರಿಸುವವರು ಸುಮ್ಮನೆ ಕೂರುವುದಿಲ್ಲ. ಪಂಪ್ ಶಾಟ್‌ಗನ್ ಬೇಡ ಅಂದಿರಾ? ಸರಿ, ಸನ್ನೆ (ಲಿವರ್) ಎಳೆದು ಏಳು ಈಡು ಹಾರಿಸುವ ಆ್ಯಡ್ಲರ್ ಅನ್ನುವ ಶಾಟ್‌ಗನ್ 2015ರಲ್ಲಿ ಬಂತು. 1996ರ ಪಟ್ಟಿಯಲ್ಲಿ ಸನ್ನೆ ಬಂದೂಕು ಸುಲಭ ವರ್ಗದಲ್ಲಿತ್ತು. ಸರ್ಕಾರ ಆಮದು ತಡೆದು, ಒಂದು ವರ್ಷಕ್ಕೂ ಹೆಚ್ಚು ಜಗಳ ಆಗಿ, ಕೊನೆಗೆ ಅದನ್ನು ಬಿಗಿ ವರ್ಗಕ್ಕೆ ಸೇರಿಸಿದರು. ನೋಂದಣಿಯದು ಇನ್ನೂ ಬೇಸರದ ಕತೆ. ಪ್ರತಿ ಬಂದೂಕೂ ನೋಂದಣಿ ಆಗಬೇಕು ಅಂತ ಒಪ್ಪಿಕೊಂಡದ್ದು 1996ರಲ್ಲಿ. ರಾಜ್ಯಗಳ ಪುಸ್ತಕಗಳು ಒಂದಕ್ಕೊಂದು ಸರಿಯಾಗಿ ಮಾತಾಡಲೇ ಇಲ್ಲ. 2022ರ ಡಿಸೆಂಬರ್‌ನಲ್ಲಿ ಕ್ವೀನ್ಸ್‌ಲ್ಯಾಂಡ್‌ನ ವೀಯಂಬಿಲಾದಲ್ಲಿ ಇಬ್ಬರು ಪೊಲೀಸರು ಮತ್ತು ನೆರೆಮನೆಯವರೊಬ್ಬರು ಗುಂಡಿಗೆ ಬಲಿಯಾದರು. ಅದಾಗಿ ಒಂದು ವರ್ಷಕ್ಕೆ, 2023ರ ಡಿಸೆಂಬರ್‌ನಲ್ಲಿ, ಇಡೀ ದೇಶಕ್ಕೆ ಒಂದೇ ನೋಂದಣಿ ಮಾಡುವ ತೀರ್ಮಾನ ಆಯಿತು. ಮುಗಿಸಲು ಇಟ್ಟುಕೊಂಡ ಗಡುವು 2028.

ಅಷ್ಟರಲ್ಲಿ 2025ರ ಡಿಸೆಂಬರ್ 14 ಬಂತು. ಸಿಡ್ನಿಯ ಬಾಂಡೈ ಬೀಚ್. ಯಹೂದಿಗಳ ಹನುಕ್ಕಾ ಹಬ್ಬದ ಸಂಜೆ. ತಂದೆ ಮಗ ಇಬ್ಬರು ಗುಂಡು ಹಾರಿಸಿ 15 ಜನರನ್ನು ಕೊಂದರು. ಪೋರ್ಟ್ ಆರ್ಥರ್ ನಂತರ ಆ ದೇಶ ಇಷ್ಟು ದೊಡ್ಡದನ್ನು ಕಂಡಿರಲಿಲ್ಲ. ತಂದೆಗೆ ಲೈಸೆನ್ಸ್ ಇತ್ತು. ಹೆಸರಿನಲ್ಲಿ ಆರು ಬಂದೂಕು ಇದ್ದವು, ಎಲ್ಲ ಕಾನೂನು ಪ್ರಕಾರವೇ. ನಗರದಲ್ಲಿ ಇರುವ ಒಬ್ಬ ಮನುಷ್ಯನಿಗೆ ಆರು ಬಂದೂಕು ಯಾಕೆ ಅಂತ ಕೇಳುವ ಕಲಮೇ 1996ರ ಒಪ್ಪಂದದಲ್ಲಿ ಇರಲಿಲ್ಲ. ಒಂದೊಂದಕ್ಕೂ ಕಾರಣ ಕೊಟ್ಟರೆ ಸಾಕಿತ್ತು, ಒಟ್ಟು ಎಷ್ಟು ಅನ್ನುವ ಮಿತಿ ಇರಲಿಲ್ಲ.

ಹತ್ತೇ ದಿನದಲ್ಲಿ ನ್ಯೂ ಸೌತ್ ವೇಲ್ಸ್ ಹೊಸ ಕಾನೂನು ಮಾಡಿತು. ಒಬ್ಬರಿಗೆ 4 ಬಂದೂಕು, ರೈತರಿಗೆ 10. ಪ್ರಧಾನಿ ಆ್ಯಂಟನಿ ಆಲ್ಬನೀಸಿ ಇನ್ನೊಂದು ಸುತ್ತು ದುಡ್ಡು ಕೊಟ್ಟು ಬಂದೂಕು ವಾಪಸ್ ಪಡೆಯುವ ಯೋಜನೆ ಘೋಷಿಸಿದರು. ದೇಶಕ್ಕೆಲ್ಲ ಒಂದೇ ನೋಂದಣಿ ಪುಸ್ತಕ ಆ ದಿನವೂ ಸಿದ್ಧವಾಗಿರಲಿಲ್ಲ.